ಮಂಗಳಾಗೆ ಹೆಣ್ಣು ಮಗು

ರಾಣೆಬೆನ್ನೂರಿನಲ್ಲಿ ಗುಡದಪ್ಪ ಅಂದರೆ ಯಾವ ಗುಡದಪ್ಪ ಎಂದು ಕೇಳುತ್ತಿದ್ದರು. ಬರ್ಫದ ಗುಡದಪ್ಪ ಅಂದರೆ ಮಾತ್ರ ಸಣ್ಣ ಹುಡುಗರೂ ಹಲಗೇರಿ ರಸ್ತೆಯ ಡೀಸೆಲ್ ಎಂಜಿನ್ ರಿಪೇರಿ ಅಂಗಡಿಯತ್ತ ಕೈ ತೋರಿಸುತ್ತಿದ್ದರು. ಐರಣಿಯಲ್ಲಿ ಹುಟ್ಟಿ, ಹೊಳೆಯ ನೀರು ಬಿಟ್ಟರೆ ಬೇರೆ ನೀರು ಕಾಣದ ಮನುಷ್ಯ ಗೋವಾಕ್ಕೆ ಹೋಗಿ ಹಡಗು ರಿಪೇರಿ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದ. ಅಲ್ಲಿಂದ ವಿಜ್ಞಾನಿಗಳ ಹಡಗು ಹತ್ತಿ ಭೂಮಿಯ ತಳದಲ್ಲಿರುವ ಹಿಮದ ಖಂಡಕ್ಕೆ ಹೋಗಿ ಬಂದಿದ್ದ. ಬರೇ ಹೋಗಿ ಬಂದದ್ದಲ್ಲ. ಸೂರ್ಯ ಮುಖ ತೋರಿಸದ ಒಂದು ಇಡೀ ಚಳಿಗಾಲವನ್ನು ತಗಡಿನ ಮನೆಯೊಳಗೆ ಜನರೇಟರ್ ಮುಂದೆ ಕೂತು ಕಳೆದಿದ್ದ.

ಅಂಗಡಿಯ ಮುಂದಿನ ಚಹಾದ ಗೂಡಿನಲ್ಲಿ ಅವನು ಆ ಕತೆ ಹೇಳಲು ಕೂತರೆ ಎದ್ದು ಹೋಗುವವರೇ ಇರಲಿಲ್ಲ. ಕತೆಯ ತಿರುಳು ಯಾವಾಗಲೂ ಒಂದೇ. ಸಮುದ್ರ ಹೆಪ್ಪುಗಟ್ಟುತ್ತ ಬಂದಿತ್ತು. ಹಡಗು ತಿರುಗಿ ಹೊರಡುವ ಗಡಿಬಿಡಿ. ಆಗ ಸಾಹೇಬರು ಕರೆದು, ಮಶೀನು ನೋಡಿಕೊಳ್ಳಲು ನೀನು ಇಲ್ಲೇ ಉಳಿ ಎಂದು ಹುಕುಂ ಮಾಡಿದರು. "ಕೈ ಮುಗದೆ, ಕಾಲ ಹಿಡದೆ. ಮನ್ಯಾಗ ಹೇಣ್ತಿ ಬಸರದಾಳ್ರಿ ಸಾಹೇಬ್ರ, ಚೊಚ್ಚಲ ಬಾಣಂತನ ಅಂದೆ. ಕೇಳಲಿಲ್ಲ. ಸರ್ಕಾರಿ ಹುಕುಂ ಅಂದ್ರ ಹುಕುಂ," ಎಂದು ಗುಡದಪ್ಪ ಚಹಾದ ಬಸಿ ಕೆಳಗಿಡುವ ಹೊತ್ತಿಗೆ ಕೇಳಿದವರ ಕಣ್ಣು ಒದ್ದೆಯಾಗಿರುತ್ತಿತ್ತು.

ಮಂಗಳವ್ವನೂ ಆ ಕತೆಯನ್ನು ನಂಬಿದ್ದಳು. ಬರೇ ನಂಬಿರಲಿಲ್ಲ, ಅದನ್ನು ಆತುಕೊಂಡೇ ಬದುಕಿದ್ದಳು.

ಎಂಬತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಹಡಗು ಗೋವಾಕ್ಕೆ ತಿರುಗಿ ಬಂತೆಂಬ ಸುದ್ದಿ ಐರಣಿಗೆ ಬಂದಿತ್ತು. ಗುಡದಪ್ಪ ಬರಲಿಲ್ಲ. ತುಂಬು ಬಸುರಿ ಮಂಗಳವ್ವ ದಿನಾ ಬಸ್ಸು ಬರುವ ಹೊತ್ತಿಗೆ ಕಟ್ಟೆಗೆ ಬಂದು ಕೂಡುತ್ತಿದ್ದಳು. ಒಬ್ಬರು ಮುಳುಗಿದ ಅಂದರು, ಇನ್ನೊಬ್ಬರು ಗೋವಾದಲ್ಲಿ ಯಾರನ್ನೋ ಇಟ್ಟುಕೊಂಡಿದ್ದಾನೆ ಅಂದರು. ಅತ್ತೆ ಮಾತ್ರ ನೆಟ್ಟಗೆ ಅವಳ ಹೊಟ್ಟೆಯನ್ನೇ ನೋಡಿ, "ಇದು ಅಪ್ಪನ್ನ ನುಂಗಿ ಹುಟ್ಟಾಕತ್ತೈತಿ," ಅಂದಳು. ಆ ಮಾತು ಕೇಳಿದ ಮರುದಿನ ಮಂಗಳವ್ವ ಬ್ಯಾಡಗಿಯ ತನ್ನ ದೊಡ್ಡವ್ವ ಗದಿಗೆವ್ವನ ಮನೆಗೆ ಬಂದಳು. ಗದಿಗೆವ್ವ ಮೆಣಸಿನಕಾಯಿ ಅಂಗಳದಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಮಂಗಳವ್ವನೂ ಹೋದಳು. ಕೆಂಪು ರಾಶಿಯ ನಡುವೆ ಕೂತು, ಸೀನುತ್ತ, ಮೂಗು ಒರೆಸಿಕೊಳ್ಳುತ್ತ, ಹೆರಿಗೆಯ ಹಿಂದಿನ ದಿನದವರೆಗೂ ತೊಟ್ಟು ಮುರಿದಳು. ಅಷ್ಟರಲ್ಲಿ ಗುಡದಪ್ಪನ ಒಂದು ಪತ್ರ ಗೋವಾದಿಂದ ಸುತ್ತಿಬಳಸಿ ಬಂದು ಮುಟ್ಟಿತ್ತು: ಹುಕುಂ ಆಗೈತಿ, ಮುಂದಿನ ಹಡಗಿಗೆ ಬರ್ತೇನಿ.

ಹೆಣ್ಣು ಹುಟ್ಟಿತು. ಮಂಗಳವ್ವ ಬ್ಯಾಡಗಿ ಅಂಚೆ ಕಚೇರಿಯಿಂದ ಗೋವಾದ ಆಫೀಸಿಗೆ ತಂತಿ ಕೊಡಿಸಿದಳು, ಅಲ್ಲಿಂದ ವೈರ್‌ಲೆಸ್ಸಿನಲ್ಲಿ ಹಿಮಕ್ಕೆ ಮುಟ್ಟುತ್ತದೆ ಎಂದು ಯಾರೋ ಹೇಳಿದ್ದರು. ಉತ್ತರ ಬರಲಿಲ್ಲ. ಕೂಸಿಗೆ ಇನ್ನೂ ಕತ್ತು ನಿಂತಿರಲಿಲ್ಲ, ಆಗಲೇ ಮತ್ತೆ ಅಂಗಳಕ್ಕೆ ಹೋದಳು. ಸಂಜೆ ಎಷ್ಟು ತೊಳೆದರೂ ಕೈಯ ಖಾರ ಹೋಗುತ್ತಿರಲಿಲ್ಲ. ಮುಟ್ಟಿದಲ್ಲೆಲ್ಲ ಕೂಸಿನ ಮೈ ಕೆಂಪಗಾಗಿ ಚೀರುತ್ತಿತ್ತು. ಅದಕ್ಕೆ ಕೈಗೆ ಹಳೆಯ ಸೀರೆಯ ಚಿಂದಿ ಸುತ್ತಿಕೊಂಡು ಎತ್ತಿಕೊಳ್ಳುತ್ತಿದ್ದಳು. ಸ್ವಂತ ಮಗಳ ಕೆನ್ನೆ ಹೇಗಿದೆ ಎಂದು ಬರಿಗೈಯಿಂದ ಮುಟ್ಟಿ ನೋಡಿದ್ದು ಯಾವಾಗಲೋ. ಸಿಟ್ಟು ಬರುತ್ತಿತ್ತು. ಆದರೆ ಯಾರ ಮೇಲೆ? ಹುಕುಂ ಮಾಡಿದ, ಮುಖ ನೋಡದ ಸಾಹೇಬನ ಮೇಲೆ. ಗಂಡ ಪಾಪ ಏನು ಮಾಡುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಳು. ಅವನು ಮರುವರ್ಷ ಬಂದಾಗಲೂ ಅದನ್ನೇ ಹೇಳಿಕೊಂಡಳು. ತಂತಿ ಮುಟ್ಟಲೇ ಇಲ್ಲ ಅಂದ. ಅದನ್ನೂ ನಂಬಿದಳು.

ಆಮೇಲೆ ಇಪ್ಪತ್ತು ವರ್ಷ ಕಳೆದವು. ಕೂಸು ಮೇಘಾ ಆಗಿ ಬೆಳೆದು ಹಾವೇರಿಯ ಹಾಸ್ಟೆಲ್ಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಳು. ಆ ಜನವರಿಯಲ್ಲಿ ಕರಾವಳಿಯಿಂದ ಕರೆ ಬಂತು. ಕಡಲ ದಂಡೆಯ ಒಂದು ಊರಿನಲ್ಲಿ ಸಮುದ್ರಯಾನ ಮತ್ತು ಜೀವಲೋಕದ ವಸ್ತುಸಂಗ್ರಹಾಲಯ ಕಟ್ಟಿದ್ದರು. ಅದರಲ್ಲಿ ಹಿಮಖಂಡದ ಕೋಣೆ ಉದ್ಘಾಟನೆ. ಹಿಂದೆ ಹೋಗಿಬಂದವರಿಗೆ ಸನ್ಮಾನ. ಸಹಕುಟುಂಬ ಬರ್ರಿ ಎಂದು ಫೋನಿನಲ್ಲಿ ಹೇಳಿದ್ದು ಹಿಮದಲ್ಲಿ ಗುಡದಪ್ಪನ ಜೊತೆಗಿದ್ದ ವೈರ್‌ಲೆಸ್ ಆಪರೇಟರ್ ಮಲ್ಲೇಶಪ್ಪ. ನವಲಗುಂದದ ಕಡೆಯವನು, ನಿವೃತ್ತಿಯಾದ ಮೇಲೆ ಆ ಊರಲ್ಲೇ ಮನೆ ಮಾಡಿದ್ದ. ಗುಡದಪ್ಪ ಮೊದಮೊದಲು ತಾನೊಬ್ಬನೇ ಹೋಗಿ ಬರುತ್ತೇನೆ ಅಂದ.

"ಯಾಕ? ನಾನೂ ಸಮುದ್ರ ನೋಡಬೇಕು. ನಿಮ್ಮನ್ನ ನುಂಗಿ ಉಗುಳಿದ್ದಂತಲ್ಲ, ಹೆಂಗೈತಿ ನೋಡೂಣು," ಎಂದು ಮಂಗಳವ್ವ ನಕ್ಕಳು. ಮೇಘಾಳೂ ಹಟ ಹಿಡಿದಳು. ಅವನು ಮತ್ತೆ ಬೇಡ ಅನ್ನಲಿಲ್ಲ. ಘಟ್ಟ ಇಳಿಯುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಹಚ್ಚಿ ಕೂತ. ಮಂಗಳವ್ವ ಅದನ್ನು ತಿರುವಿನ ತ್ರಾಸು ಅಂದುಕೊಂಡಳು.

ವಸ್ತುಸಂಗ್ರಹಾಲಯದ ಬಾಗಿಲು ದಾಟುತ್ತಲೇ ತಲೆಯ ಮೇಲೆ ತಿಮಿಂಗಿಲದ ಎಲುಬಿನ ಗೂಡು ತಂತಿಗಳಲ್ಲಿ ತೂಗುತ್ತಿತ್ತು. ಅದರ ದವಡೆಯೊಂದೇ ಎತ್ತಿನ ಗಾಡಿಯ ಉದ್ದ ಇತ್ತು. ಗಾಜಿನ ಪೆಟ್ಟಿಗೆಗಳಲ್ಲಿ ಶಂಖ, ಹವಳ, ಬಾಟಲಿಯ ನೀರಿನಲ್ಲಿ ಬಿಳಚಿಕೊಂಡ ಮೀನುಗಳು, ಹಿತ್ತಾಳೆಯ ದಿಕ್ಸೂಚಿ, ಹಾಯಿ ಬಿಚ್ಚಿದ ಹಡಗಿನ ಮಾದರಿ. ಮಂಗಳವ್ವ ಸೆರಗು ಹೊದ್ದು ಒಂದೊಂದನ್ನೂ ನಿಂತು ನೋಡಿದಳು. ಹಿಮದ ಕೋಣೆ ಕೊನೆಯಲ್ಲಿತ್ತು. ನೀಲಿ ಬಣ್ಣ ಬಳಿದು, ಏಸಿ ಹಚ್ಚಿ, ತಗಡಿನ ಮನೆಯ ಮಾದರಿ ನಿಲ್ಲಿಸಿದ್ದರು. ಅದರ ಮುಂದೆ ಕೆಂಪು ಉಣ್ಣೆ ಕೋಟು ತೊಟ್ಟ ಒಂದು ಬೊಂಬೆ. ಪಕ್ಕದಲ್ಲಿ ಸೊಂಟಕ್ಕಿಂತ ತುಸು ಎತ್ತರದ ಪೆಂಗ್ವಿನ್ ಹಕ್ಕಿಗಳು. ಮಾಹಿತಿ ಕೊಡುವ ಹುಡುಗಿ ಪುಸ್ತಕದ ಕನ್ನಡದಲ್ಲಿ ಹೇಳುತ್ತಿದ್ದಳು: "ಇದರಲ್ಲಿ ಮೊಟ್ಟೆ ಕಾಯುವುದು ಗಂಡು. ಹೆಣ್ಣು ಮೊಟ್ಟೆ ಇಟ್ಟು ಸಮುದ್ರಕ್ಕೆ ಹೋದರೆ, ಗಂಡು ಅದನ್ನು ಪಾದದ ಮೇಲೆ ಇಟ್ಟುಕೊಂಡು, ಏನೂ ತಿನ್ನದೆ, ಇಡೀ ಚಳಿಗಾಲ ಕತ್ತಲಲ್ಲಿ ನಿಂತೇ ಇರುತ್ತದೆ."

"ಹೌದೇನವ್ವಾ!" ಎಂದು ಮಂಗಳವ್ವ ಬೆರಗಾದಳು.

ಅಷ್ಟರಲ್ಲಿ ಮಲ್ಲೇಶಪ್ಪ ದೊಡ್ಡ ದನಿಯಲ್ಲಿ ನಗುತ್ತ ಬಂದ. ಗುಡದಪ್ಪನನ್ನು ಅಪ್ಪಿಕೊಂಡ. ಗುಡದಪ್ಪನ ಕೈಗಳು ಕೆಳಗೇ ಜೋತಾಡಿದವು. ಯಾರೋ ಸಂಘಟಕರು ಕರೆದರೆಂದು ಗುಡದಪ್ಪ ಅತ್ತ ಹೋದ. ಹೋಗುವಾಗ ತಿರುಗಿ ತಿರುಗಿ ನೋಡುತ್ತಿದ್ದ.

"ನಮಸ್ಕಾರ್ರಿ ವೈನ್ಯಾರ," ಅಂದ ಮಲ್ಲೇಶಪ್ಪ. "ಬರ್ಫದಿಂದ ಬಂದ ಮ್ಯಾಲೆ ಗುಡದಪ್ಪ ಲಗ್ನ ಮಾಡ್ಕೊಂಡನಂತ ಕೇಳಿದ್ದೆ. ನೋಡೂದು ಇವತ್ತ ಕೂಡಿ ಬಂತು. ಈಕಿ ಯಾರು?"

"ನಾ ಮೇಘಾರಿ ಕಾಕಾ. ನೀವೆಲ್ಲಾ ಬರ್ಫದಾಗ ಇದ್ದಾಗ ಹುಟ್ಟಿದಾಕಿ," ಅಂದಳು ಮೇಘಾ.

"ಆಂ! ಹಂಗಾರ ನೀ ಗುಡದಪ್ಪನ ಅಣ್ಣನ ಮಗಳವಾ! ನಿನ್ನ ಸುದ್ದಿ ಮೊದಲ ಕೇಳಿದಾವ ನಾನ ನೋಡು. ವೈರ್‌ಲೆಸ್ ಕಿವಿಗೆ ಹಚ್ಕೊಂಡು ಕುಂತಿದ್ದೆ, ಗೋವಾದಿಂದ ಬಂತು. 'ಮಂಗಳಾಗೆ ಹೆಣ್ಣು ಮಗು. ಇಬ್ಬರೂ ಆರಾಮ.' ಓಡಿ ಹೋಗಿ ಗುಡದಪ್ಪಗ ಹೇಳಿದೆ. ಮಂಗಳಾ ಅಂದ್ರ ನಮ್ಮ ವೈನಿ, ನಮ್ಮಣ್ಣನ ಹೇಣ್ತಿ ಅಂದ. ಆ ರಾತ್ರಿ ಎಲ್ಲಾರೂ ಕೂಡಿ ಬಾಯಿ ಸಿಹಿ ಆಗಲಿ ಅಂತ ಸಿರಾ ಮಾಡ್ಕೊಂಡು ತಿಂದಿವಿ." ಅವನು ಮಂಗಳವ್ವನ ಕಡೆ ತಿರುಗಿದ. "ಅಂದ್ಹಂಗ ನಿಮ್ಮ ಹೆಸರೇನ್ರಿ?"

ಅವಳು ಅವನನ್ನೇ ನೋಡುತ್ತ ಅಂದಳು: "ಮಂಗಳವ್ವ."

ಮಲ್ಲೇಶಪ್ಪನ ನಗೆ ಮುಖದ ಮೇಲೆಯೇ ನಿಂತುಬಿಟ್ಟಿತು. ಅವನು ಮೇಘಾಳನ್ನು ನೋಡಿದ, ಮತ್ತೆ ಮಂಗಳವ್ವನನ್ನು ನೋಡಿದ.

"ಅವರಿಗೆ ಹುಕುಂ ಮಾಡಿದ್ರಂತ," ಅಂದಳು ಅವಳು. "ಉಳಿ ಅಂತ. ಕಾಲ ಹಿಡದ್ರೂ ಬಿಡಲಿಲ್ಲಂತ. ಖರೇ ಹೇಳ್ರಿ ಅಣ್ಣಾರ."

"ಬಿಡ್ರಿ ವೈನ್ಯಾರ, ಹಳೇ ಮಾತು..."

"ಖರೇ ಹೇಳ್ರಿ."

ಮಲ್ಲೇಶಪ್ಪ ಕನ್ನಡಕ ತೆಗೆದು ಅಂಗಿಗೆ ಒರೆಸಿದ. ದನಿ ತಗ್ಗಿತ್ತು. "ಹುಕುಂ ಯಾರೂ ಮಾಡಲಿಲ್ಲ. ಸಾಹೇಬ್ರು ಎಲ್ಲಾರ್ನೂ ನಿಲ್ಲಿಸಿ ಕೇಳಿದ್ರು. ಮನಸಿದ್ದಾವ್ರು ಅಷ್ಟ ಉಳೀರಿ, ಮನ್ಯಾಗ ಬಸರಿ ಹೇಣ್ತಿ ಇದ್ದಾವ್ರು, ವಯಸ್ಸಾದ ಅಪ್ಪ ಅವ್ವ ಇದ್ದಾವ್ರು ಹೊಳ್ಳಿ ಹೋಗಬೇಕು ಅಂದ್ರು. ಗುಡದಪ್ಪ ಮೊದಲ ಕೈ ಎತ್ತಿದ. ನಂದಿನ್ನೂ ಲಗ್ನ ಆಗಿಲ್ಲರಿ, ನನಗ ಯಾರೂ ಕಾಯೂದಿಲ್ಲ ಅಂದ. ನಮಗೇನು ಗೊತ್ತರಿ ವೈನ್ಯಾರ..."

ಕೋಣೆಯ ತಂಪು ಎಲ್ಲಿ ಹೋಯಿತೋ. ಮಂಗಳವ್ವನ ಕಿವಿಯಿಂದ ಕಾವು ಹೊರಟಿತು. ನನಗ ಯಾರೂ ಕಾಯೂದಿಲ್ಲ. ಐರಣಿಯ ಕಟ್ಟೆಯ ಮೇಲೆ ಹೊಟ್ಟೆ ಹೊತ್ತು ಕೂತವಳು ಯಾರೂ ಅಲ್ಲ. ಅವಳು ಮೇಘಾಳ ಕೈ ಬಿಡಿಸಿಕೊಂಡು, ಎಲುಬಿನ ಗೂಡಿನ ಕೆಳಗೆ ಜನರ ಜೊತೆ ನಿಂತಿದ್ದ ಗಂಡನ ಹತ್ತಿರ ನೆಟ್ಟಗೆ ಹೋದಳು.

"ನಾ ನಿಮ್ಮ ವೈನಿ ಏನು?" ಎಂದಳು.

ಗುಡದಪ್ಪನ ಮುಖ ಸುಣ್ಣವಾಯಿತು. ಅವಳ ರಟ್ಟೆ ಹಿಡಿದು ಕಂಬದ ಮರೆಗೆ ಎಳೆದುಕೊಂಡ. "ಮೆಲ್ಲಗ ಮಾತಾಡ. ಜನ ಅದಾರ. ಮನೀಗೆ ಹೋದ ಮ್ಯಾಲೆ ಎಲ್ಲಾ ಹೇಳ್ತೀನಿ."

"ಇಪ್ಪತ್ತು ವರ್ಷ ಮನ್ಯಾಗ ಇದ್ದಿವಲ್ಲ, ಆಗೇನ ಬಾಯಾಗ ಬರ್ಫ ಇತ್ತೇನು? ತಂತಿ ಮುಟ್ಟಲಿಲ್ಲ ಅಂದ್ರಿ. ಸಿರಾ ತಿಂದ್ರಿ. ನನ್ನ ಹೆಸರ ಮ್ಯಾಲೆ ಸಿರಾ ತಿಂದು ವೈನಿ ಅಂದ್ರಿ!"

"ವಯಸ್ಸು ಅಂಥಾದ್ದು ಮಂಗಳಾ. ತಪ್ಪಾತು."

"ಅಲ್ಲಿ ಒಳಗ ಆ ಹಕ್ಕಿ ನಿಂತೈತಿ ನೋಡ್ರಿ. ಹೋಗಿ ಅದರ ಮುಂದ ನಿಂತು ಹೇಳ್ರಿ, ವಯಸ್ಸು ಅಂತ."

ಮೈಕಿನಲ್ಲಿ ಎಲ್ಲರೂ ಸಭಾಂಗಣಕ್ಕೆ ಬರಬೇಕೆಂದು ಕೂಗಿದರು. ಸಂಘಟಕರು ಗುಡದಪ್ಪನನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಹೋದಂತೆ ಕರೆದುಕೊಂಡು ಹೋದರು. ಮಂಗಳವ್ವನಿಗೆ ಹೊರಗೆ ಹೋಗಿಬಿಡಬೇಕು ಅನ್ನಿಸಿತ್ತು. ಆದರೆ ಒಂದು ಆಸೆ ಒಳಗೆ ಉಳಿದಿತ್ತು. ಇಷ್ಟಾದ ಮೇಲಾದರೂ ಆ ಮನುಷ್ಯ ಖರೇ ಹೇಳಬಹುದು, ಇಲ್ಲವಾದರೆ ಬಾಯಿ ಮುಚ್ಚಿಕೊಂಡು ಶಾಲು ಹೊದ್ದು ಇಳಿದು ಬರಬಹುದು. ಮಗಳ ಜೊತೆ ಮುಂದಿನ ಸಾಲಿನಲ್ಲಿ ಕೂತಳು.

ಶಾಲು, ಹಾರ, ಹಣ್ಣಿನ ಬುಟ್ಟಿ ಆದವು. ಅಧ್ಯಕ್ಷರು, "ಆ ಘೋರ ಚಳಿಗಾಲದ ಅನುಭವ ಎರಡು ಮಾತಿನಲ್ಲಿ ಹೇಳಿ," ಎಂದು ಮೈಕು ಗುಡದಪ್ಪನ ಕೈಗೆ ಕೊಟ್ಟರು. ಅವನು ಎದ್ದು ನಿಂತ. ಹೆಂಡತಿಯನ್ನು ನೋಡಲಿಲ್ಲ. ಕೆಮ್ಮಿದ. ಆಮೇಲೆ, ಬಾಯಿಗೆ ಅದೊಂದೇ ದಾರಿ ಗೊತ್ತಿದ್ದವನಂತೆ, ಶುರು ಮಾಡಿದ.

"ಸಮುದ್ರ ಹೆಪ್ಪುಗಟ್ಟಾಕತ್ತಿತ್ತರಿ. ಹಡಗಿಗೆ ಹೊರಡೂ ಅವಸರ. ಸಾಹೇಬ್ರು ನನ್ನ ಕರದು ಹುಕುಂ ಮಾಡಿದ್ರು..."

"ಸುಳ್ಳು."

ಮಂಗಳವ್ವ ಎದ್ದು ನಿಂತಿದ್ದಳು. ಮೈಕು ಇಲ್ಲದೆಯೂ ಆ ದನಿ ಹಿಂದಿನ ಗೋಡೆಗೆ ಹೋಗಿ ಬಡಿಯಿತು. ಮೇಘಾ ಗಾಬರಿಯಾಗಿ ಅವ್ವನ ಸೆರಗು ಜಗ್ಗಿದಳು.

"ಯಾರೂ ಹುಕುಂ ಮಾಡಲಿಲ್ಲ. ಲಗ್ನ ಆಗಿಲ್ಲ ಅಂತ ಹೇಳಿ ತಾನಾಗೇ ಉಳದಾನ ಈ ಮನಶಾ. ಬೇಕಾದ್ರ ಅಲ್ಲಿ ಕುಂತಾರಲ್ಲ, ಮಲ್ಲೇಶಪ್ಪಣ್ಣಾರ್ನ ಕೇಳ್ರಿ. ನಾ ಈತನ ಹೇಣ್ತಿ. ಆವಾಗ ನಾ ಬಸರಿ ಇದ್ದೆ."

"ಅಮ್ಮಾ, ದಯವಿಟ್ಟು ಕುಳಿತುಕೊಳ್ಳಿ. ಇದು ಸನ್ಮಾನದ ಕಾರ್ಯಕ್ರಮ," ಎಂದರು ಒಬ್ಬರು ಓಡಿಬಂದು.

"ಅದಕ್ಕ ನಿಂತೇನಿ. ನೀವು ಸನ್ಮಾನ ಮಾಡ್ರಿ, ಬ್ಯಾಡನ್ನೂದಿಲ್ಲ. ಮಶೀನ ಖರೇನ ನೋಡ್ಕೊಂಡಾನ, ಚಳೀನೂ ಖರೇನ ತಿಂದಾನ. ಆದ್ರ ಆ ಚಳಿಗಾಲದಾಗ ನಾ ಬ್ಯಾಡಗ್ಯಾಗ ಮೆಣಸಿನಕಾಯಿ ತೊಟ್ಟು ಮುರದೇನಿ. ಕೈ ಬೆಂಕಿ ಆಗಿತ್ತು. ನನ್ನ ಕೂಸನ್ನ ಬರಿಗೈಲೆ ಮುಟ್ಟಾಕ ಆಗ್ತಿರಲಿಲ್ಲ. ಚಿಂದಿ ಸುತ್ಕೊಂಡು ಎತ್ಕೊಂತಿದ್ದೆ. ಹುಕುಂ ಐತಿ, ಪಾಪ ಗಂಡ ಏನ್ ಮಾಡ್ತಾನ ಅಂತ ತಡಕೊಂಡೆ. ಊರಾಗ ಈತನ ಪರವಾಗಿ ನಾನ ಜಗಳಾ ಆಡೇನಿ!"

ಸೆರಗು ಹಿಡಿದಿದ್ದ ಮೇಘಾಳ ಕೈ ಸಡಿಲವಾಯಿತು. ಚಿಂದಿಯ ಮಾತನ್ನು ಅವಳು ಇವತ್ತಿನವರೆಗೆ ಕೇಳಿರಲಿಲ್ಲ. ಅವಳು ಎದ್ದು ವೇದಿಕೆಯ ಮೇಲಿದ್ದ ಅಪ್ಪನನ್ನು ಒಮ್ಮೆ ನೋಡಿದಳು. ಗುಡದಪ್ಪ ಮೈಕನ್ನು ಎರಡೂ ಕೈಯಿಂದ ಹಿಡಿದು ಹಾಗೇ ನಿಂತಿದ್ದ. ಆಮೇಲೆ ಅವಳೇ ಅವ್ವನ ತೋಳು ಹಿಡಿದು ಬಾಗಿಲಿನತ್ತ ಕರೆದುಕೊಂಡು ಹೋದಳು. ಯಾರೂ ತಡೆಯಲಿಲ್ಲ.

ಹೊರಗೆ ಸಮುದ್ರ ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಎಷ್ಟೋ ವರ್ಷದಿಂದ ನೋಡಬೇಕೆಂದಿದ್ದ ನೀರು. ಮಂಗಳವ್ವನಿಗೆ ಅದು ಕಾಣಲೇ ಇಲ್ಲ. ಕಲ್ಲಿನ ತಡೆಗೋಡೆಯ ಮೇಲೆ ಕೂತು ತೊಡೆಯ ಮೇಲೆ ಮುಷ್ಟಿ ಬಿಗಿದುಕೊಂಡಿದ್ದಳು. ಮೇಘಾ ಒಂದು ಎಳನೀರು ತಂದು ಮುಂದೆ ಹಿಡಿದಳು. ಕುಡಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಗುಡದಪ್ಪ ಬಂದ. ಶಾಲು, ಹಾರ ಎಲ್ಲವನ್ನೂ ಎಲ್ಲೋ ಬಿಟ್ಟು ಬಂದಿದ್ದ. ಅವಳಿಂದ ಒಂದು ಮಾರು ದೂರದಲ್ಲಿ ಕೂತ.

"ಮರ್ಯಾದಿ ಕಳದಿ," ಅಂದ.

"ನಿನ್ನ ಮರ್ಯಾದಿ ನನ್ನ ಕೈಯಾಗ ಯಾವಾಗಿತ್ತು ಕಳ್ಯಾಕ? ಅದನ್ನ ನೀ ಅಲ್ಲೇ ಬಿಟ್ಟು ಬಂದೀದಿ."

ಮದುವೆಯಾದಾಗಿನಿಂದ ಅವಳು ಅವನಿಗೆ ನೀ ಅಂದಿರಲಿಲ್ಲ. ಗುಡದಪ್ಪ ತಲೆ ಎತ್ತಿ ನೋಡಿದ. ಮಾತಾಡಿದಾಗ ಅದು ಚಹಾದ ಗೂಡಿನ ದನಿಯಾಗಿರಲಿಲ್ಲ.

"ಹೇಳ್ತೀನಿ ಕೇಳು. ನಿನ್ನ ಮ್ಯಾಲೆ ಬ್ಯಾಸರಾಗಿ ಅಲ್ಲ. ಬ್ಯಾರೆ ಯಾರೂ ಇರಲಿಲ್ಲ. ಅಲ್ಲಿ ನಾ ಯಾರ ಮಗನೂ ಅಲ್ಲ, ಯಾರ ತಮ್ಮನೂ ಅಲ್ಲ, ಗಂಡನೂ ಅಲ್ಲ. ಮಶೀನ ಒಂದು ನಡದ್ರ ಆತು. ಹೊರಗ ಬಂದು ನಿಂತ್ರ ಒಂದು ಸಪ್ಪಳ ಇಲ್ಲ. ಅಂಥಾ ಸುಖ ನಾ ಹುಟ್ಟಿದಾಗಿಂದ ಕಂಡಿರಲಿಲ್ಲ ಮಂಗಳಾ. ಹೊಳ್ಳಿ ಹೋಗ್ರಿ ಅಂದಾಗ ನನಗ ಹೋಗೂ ಮನಸಾಗಲಿಲ್ಲ. ಅಷ್ಟ. ಆಮ್ಯಾಲೆ ಒಂದು ಸುಳ್ಳು ಮುಚ್ಚಾಕ ಇನ್ನೊಂದು."

ಅವನು ಹೇಳಿದ್ದು ಖರೇ ಎಂದು ಅವಳಿಗೆ ಗೊತ್ತಾಯಿತು. ಅದಕ್ಕೇ ಸಿಟ್ಟು ಇನ್ನೂ ಮೇಲೇರಿತು. ಬೇರೆ ಹೆಂಗಸು ಇದ್ದಿದ್ದರೆ ಬೈಯಲು ಒಂದು ಹೆಸರಾದರೂ ಸಿಗುತ್ತಿತ್ತು.

"ನನಗೂ ಬೇಕಾಗಿತ್ತು," ಅಂದಳು. "ಯಾರ ಸೊಸಿನೂ ಅಲ್ಲ, ಯಾರ ಹೇಣ್ತಿನೂ ಅಲ್ಲ ಅನ್ನೂ ಒಂದು ಜಾಗಾ ನನಗೂ ಬೇಕಾಗಿತ್ತು. ನನ್ನ ಯಾವ ಸಾಹೇಬ ನಿಲ್ಲಿಸಿ ಕೇಳಿದ? ಕೈ ಎತ್ತು ಅಂತ ಯಾರು ಅಂದ್ರು? ನೀ ಅಲ್ಲಿ ಸುಖಾ ಉಂಡಿ. ನಾ ಇಲ್ಲಿ ನಿನ್ನ ದುಃಖಾನೂ ಹೊತ್ಕೊಂಡು ಅತ್ತೆ. ಇರದ ದುಃಖಾ!"

ಗುಡದಪ್ಪ ಗೋಡೆಯಿಂದ ಎದ್ದು ನಿಂತ.

ಅವತ್ತು ಅವನು ಒಬ್ಬನೇ ರಾಣೆಬೆನ್ನೂರಿನ ಬಸ್ಸು ಹತ್ತಿದ. ತಾಯಿ ಮಗಳು ಮರುದಿನ ಹಾವೇರಿಯಲ್ಲಿ ಇಳಿದರು. ಮೇಘಾ ಇದ್ದ ಹಾಸ್ಟೆಲ್ಲಿನಲ್ಲಿ ಅಡುಗೆಯವಳು ಕೆಲಸ ಬಿಟ್ಟು ಹೋಗಿ, ಹುಡುಗಿಯರು ಅರೆಬೆಂದದ್ದು ತಿನ್ನುತ್ತಿದ್ದರು. ಮಂಗಳವ್ವ ವಾರ್ಡನ್ನರ ಮುಂದೆ ಹೋಗಿ ನಿಂತು, ರೊಟ್ಟಿ ಪಲ್ಯ ನಾನು ಮಾಡುತ್ತೇನೆ, ಇರಲಿಕ್ಕೆ ಒಂದು ಕೋಣೆ ಕೊಡಿ ಅಂದಳು. ಸಂಜೆಯೇ ಒಲೆ ಹಚ್ಚಿದಳು. ಮೇಘಾ, "ಅವ್ವಾ, ಎಷ್ಟು ದಿವಸ?" ಎಂದು ಕೇಳಿದಳು. "ಅದನ್ನ ಕೇಳಬ್ಯಾಡ," ಅಂದಳು.

ಮೈದುನನ ಸಂಸಾರ ಎಲ್ಲಿ ಮುರಿಯುತ್ತದೋ ಎಂದು ಗುಡದಪ್ಪನ ಅಣ್ಣನ ಹೆಂಡತಿ ಐರಣಿಯಿಂದ ಬಂದು ಅತ್ತು ಕರೆದಳು. ಅಣ್ಣ ಡಾಕಪ್ಪ ಬಂದು, "ನಿನ್ನ ಯಾರರೆ ಹೊರಗ ಹಾಕ್ಯಾರೇನವಾ?" ಎಂದು ದಬಾಯಿಸಿದ.

"ಯಾರೂ ಹಾಕಿಲ್ಲ. ನಾನ ಬಂದೇನಿ," ಅಂದಳು ಮಂಗಳವ್ವ. ಮಾವನವರ ಕಾಲದಿಂದ ಅವನೆದುರು ತಲೆ ಎತ್ತದವಳು ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ಡಾಕಪ್ಪ ಚಹಾ ಕೂಡ ಕುಡಿಯದೆ ಎದ್ದು ಹೋದ.

ಯುಗಾದಿ ಮುಗಿದ ಮೇಲೆ ಒಂದು ಭಾನುವಾರ ಗುಡದಪ್ಪನೇ ಬಂದ. ಗಡ್ಡ ಬಿಟ್ಟಿದ್ದ, ಅಂಗಿಯ ತೋಳಿಗೆ ಎಣ್ಣೆ ಮೆತ್ತಿತ್ತು. ಅಂಗಡಿಯ ಮುಂದೆ ಜನ ಈಗ ಕತೆ ಕೇಳುವುದಿಲ್ಲ, ಬೇರೆ ಏನೇನೋ ಕೇಳುತ್ತಾರೆ ಎಂದು ಮೇಘಾ ಹೇಳಿದ್ದಳು. ಹಾಸ್ಟೆಲ್ಲಿನ ಗೇಟಿನ ಹೊರಗೇ ನಿಂತು ಹೇಳಿ ಕಳಿಸಿದ. ಮಂಗಳವ್ವ ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದಳು. ಗೇಟು ತೆರೆಯಲಿಲ್ಲ.

"ಬರೂದಿಲ್ಲೇನು?" ಅಂದ.

"ಇನ್ನೂ ಸಿಟ್ಟ ಐತಿ."

"ಎಂದ ಇಳೀತೈತಿ?"

"ನನಗೇನು ಗೊತ್ತು? ಇಳದ್ರ ಬರ್ತೇನಿ. ಇಳೀಲಿಲ್ಲಂದ್ರ ಇಲ್ಲ. ನೀ ಕಾಯಿ, ಬಿಡು, ಅದು ನಿನಗ ಬಿಟ್ಟದ್ದು."

ಅವನು ತಲೆಯಾಡಿಸಿ ಗೇಟಿನ ಸರಳು ಹಿಡಿದು ನಿಂತ. ಮುಖ ಇಳಿದಿತ್ತು. ಉಂಡು ಬಂದೀರೇನು ಎಂಬ ಮಾತು, ಇಷ್ಟು ವರ್ಷದ ರೂಢಿಗೆ, ಅವಳ ನಾಲಗೆಯ ತುದಿಗೆ ತಾನಾಗೇ ಬಂತು. ಹಲ್ಲು ಕಚ್ಚಿ ನುಂಗಿದಳು. ಒಳಗೆ ರೊಟ್ಟಿಯ ಹಂಚು ಕಾದು ಹೊಗೆಯಾಡುತ್ತಿತ್ತು, ಹುಡುಗಿಯರು ತಾಟು ಹಿಡಿದು ಬಡಿಯಲು ಶುರು ಮಾಡಿದ್ದರು. ಅವಳು ತಿರುಗಿ ಒಳಗೆ ನಡೆದಳು.